ಟ್ರೇಲರಿನ ಹಿಂದೀಪವೂ ಲಗ್ಗು ಒತ್ತುವ ಇಕ್ಕಳವೂ

ಸದಲಗಾ ಪಟ್ಟಣವೂ ಅದರ ಸುತ್ತಲಿನ ಯಕ್ಸಂಬಾ, ಬೇಡಕಿಹಾಳ, ಬೋರಗಾಂವ, ಕಾರದಗಾ ಮೊದಲಾದ ಊರುಗಳೂ ದೂಧಗಂಗೆಯ ನೀರನ್ನು ನಂಬಿ ಕಬ್ಬು ಬೆಳೆಯುವ ಸೀಮೆಯೆಂಬುದು ಎಲ್ಲರಿಗೂ ತಿಳಿದ ಸಂಗತಿ. ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರಖಾನೆಗಳು ನುರಿಸಲು ತೊಡಗಿದವೆಂದರೆ, ಮುಂದೆ ಕೆಲವು ತಿಂಗಳವರೆಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಹಗಲೂ ಇರುಳೂ ತಪ್ಪುವುದಿಲ್ಲ. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳನ್ನು ಕಟ್ಟಿರುವುದನ್ನೂ, ಹೇರಿದ ಕಬ್ಬು ಹಿಂದಕ್ಕೆ ಚಾಚಿಕೊಂಡಿರುವುದನ್ನೂ ನೋಡದವರಿಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಗಾಡಿಯ ಕೆಳಗೆ ತೂಗುಹಾಕಿದ ಒಂದು ಕಂದೀಲು ಸಾಕಾಗುತ್ತಿತ್ತು. ಏಕೆಂದರೆ ಹಿಂದಿನಿಂದ ಬರುವುದೂ ಇನ್ನೊಂದು ಬಂಡಿಯೇ ಆಗಿರುತ್ತಿತ್ತು. ಈಗ ಹಿಂದಿನಿಂದ ಬರುವುದು ತಾಸಿಗೆ 60 ಕಿಲೋಮೀಟರಿನ ವೇಗದ ಮೋಟಾರು ಸೈಕಲ್ಲು.

ಆ ವೇಗದಲ್ಲಿ ಮೋಟಾರು ಸೈಕಲ್ಲು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗುವುದು. ಹಿಂದೀಪವಿಲ್ಲದ ಟ್ರೇಲರು ಸವಾರನ ದೀಪದ ಬೆಳಕಿನಲ್ಲಿ 30 ಮೀಟರು ದೂರದಲ್ಲಿ ಕಣ್ಣಿಗೆ ಬಿದ್ದಿತೆಂದು ಇಟ್ಟುಕೊಂಡರೆ, ಅವನ ಪಾಲಿಗೆ ಉಳಿಯುವ ಕಾಲ ಎರಡು ಸೆಕೆಂಡೂ ಇಲ್ಲ. ಎದುರಿನಿಂದ ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರೆ ಅಷ್ಟೂ ಉಳಿಯುವುದಿಲ್ಲ. ಇಂಥ ಸಾವು ನಮ್ಮ ಸೀಮೆಗೆ ಹೊಸದಲ್ಲವೆಂಬುದನ್ನು ಗ್ರಾಮದ ಮುಖ್ಯಸ್ಥರಿಗೆ ಬೇರೆ ಹೇಳಬೇಕಾದುದಿಲ್ಲ. ಪಂಚನಾಮೆಗೆ ಮೊದಲು ಕರೆ ಬರುವುದು ಅವರಿಗೇ. ಸೂರ್ಯಾಸ್ತದ ನಂತರ ರಸ್ತೆಯ ಮೇಲಿರುವ ವಾಹನವು ಹಿಂಬದಿಗೆ ಕೆಂಪು ದೀಪವನ್ನು ತೋರಿಸತಕ್ಕದ್ದೆಂದು ಕೇಂದ್ರ ಸರಕಾರದ 1989ರ ಮೋಟಾರು ವಾಹನ ನಿಯಮಗಳು ವಿಧಿಸಿರುವುವು. ಆದರೆ ನಿಯಮದಿಂದ ದೀಪ ಹತ್ತುವುದಿಲ್ಲ. ದೀಪ ಹತ್ತುವುದು ತಂತಿಯಿಂದ. ತಂತಿಯ ಕೆಲಸ ನಡೆಯುವುದು ಅದರ ತುದಿಯ ಕೂಡಿಕೆಯಿಂದ. ಕೂಡಿಕೆಯ ಗುಣ ನಿಂತಿರುವುದು ಅದನ್ನು ಒತ್ತಿದ ಹತಾರದ ಮೇಲೆ. ಈ ಕೊನೆಯ ಮಾತಿಗೆ ನಮ್ಮ ಗ್ರಾಮಗಳಲ್ಲಿ ಸಲ್ಲಬೇಕಾದಷ್ಟು ಲಕ್ಷ್ಯ ಸಂದಿಲ್ಲ.

ದೋಷವು ಬಲ್ಬಿನಲ್ಲಿಲ್ಲ

ಹಿಂದೀಪ ಹತ್ತದಿದ್ದಾಗ ಸಾಮಾನ್ಯವಾಗಿ ಮೊದಲು ಬಲ್ಬನ್ನು ಬದಲಿಸುವರು. ಹೊಸ ಬಲ್ಬೂ ಹತ್ತದಿದ್ದರೆ ತಂತಿಯನ್ನು ಎಳೆದಾಡಿ ನೋಡುವರು. ಹಾಗೆ ಎಳೆದಾಡಿದಾಗ ದೀಪವು ಮಿನುಗಿದರೆ, ತಂತಿಯನ್ನು ಹಲ್ಲಿನಿಂದ ಸುಲಿದು, ತಿರುಚಿ, ಟೇಪು ಸುತ್ತಿ ಬಿಡುವರು. ಎರಡು ಖೇಪು ಆಗುವಷ್ಟರಲ್ಲಿ ದೀಪವು ಮತ್ತೆ ಆರಿರುವುದು. ಚಾಲಕನು ಬೇಸತ್ತು ದೀಪದ ಗೋಜನ್ನೇ ಬಿಡುವನು. ಇದರಲ್ಲಿ ಚಾಲಕನ ತಪ್ಪಿಗಿಂತ ಕೂಡಿಕೆಯ ತಪ್ಪು ಹೆಚ್ಚಿನದು.

ಟ್ರ್ಯಾಕ್ಟರಿನ ವಿದ್ಯುತ್ತು 12 ವೋಲ್ಟಿನದು. ಮನೆಯ 230 ವೋಲ್ಟಿನ ವಿದ್ಯುತ್ತಿನಲ್ಲಿ ಒಂದೂವರೆ ವೋಲ್ಟು ದಾರಿಯಲ್ಲಿ ಸೋರಿಹೋದರೆ ಯಾರಿಗೂ ತಿಳಿಯಲಾರದು. 12 ವೋಲ್ಟಿನಲ್ಲಿ ಅಷ್ಟೇ ಸೋರಿದರೆ ಎಂಟರಲ್ಲೊಂದು ಪಾಲು ಹೋದಂತಾಯಿತು. ತಂತುವುಳ್ಳ ಬಲ್ಬಿನ ಸ್ವಭಾವವೇನೆಂದರೆ, ವೋಲ್ಟು ಎಂಟರಲ್ಲೊಂದು ಪಾಲು ಇಳಿದರೆ ಬೆಳಕು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯುವುದು. ಆದುದರಿಂದ ಮಸುಕಾಗಿ ಕೆಂಪಗೆ ಉರಿಯುವ ದೀಪವನ್ನು ಕಂಡು ‘ಬ್ಯಾಟರಿ ಇಳಿದಿದೆ’ ಎಂದು ನಿರ್ಣಯಿಸುವ ಮೊದಲು ತಂತಿಯ ತುದಿಗಳನ್ನು ನೋಡತಕ್ಕದ್ದು.

ಸ್ಟಾರ್ಟರಿನ ದಪ್ಪ ಕೇಬಲಿನಲ್ಲಿ ಈ ಸಂಗತಿಯು ಇನ್ನೂ ಸ್ಪಷ್ಟವಾಗುವುದು. ಇಂಜಿನನ್ನು ತಿರುಗಿಸುವಾಗ ಆ ಕೇಬಲಿನಲ್ಲಿ 200 ಆಂಪಿಯರಿನಷ್ಟು ಪ್ರವಾಹ ಹರಿಯುವುದೆಂದು ಹಿಡಿಯೋಣ. ಲಗ್ಗಿನ ಕೂಡಿಕೆಯಲ್ಲಿ ಒಂದು ಓಮಿನ ಸಾವಿರದಲ್ಲಿ ಐದು ಪಾಲಿನಷ್ಟು ಅಡ್ಡಿಯಿದ್ದರೂ ಸಾಕು, ಒಂದು ಪೂರ್ತಿ ವೋಲ್ಟು ಅಲ್ಲಿಯೇ ನಷ್ಟವಾಗಿ, 200 ವಾಟಿನ ಕಾವು ಆ ಒಂದು ಚಿಕ್ಕ ಲಗ್ಗಿನಲ್ಲಿ ಹುಟ್ಟುವುದು. ಬೆಳಗಿನ ಚಳಿಯಲ್ಲಿ ಟ್ರ್ಯಾಕ್ಟರು ಹೊಡೆಯದೆ ನಿಲ್ಲುವುದಕ್ಕೂ, ತಂತಿಯ ಸಿಪ್ಪೆ ಕರಗುವುದಕ್ಕೂ, ಒಣ ರವದಿ ಬಿದ್ದಿರುವಲ್ಲಿ ಕಿಡಿ ತಗಲುವುದಕ್ಕೂ ಕಾರಣ ಇಲ್ಲಿಯೇ ಇರುವುದುಂಟು.

ಒತ್ತುವುದೆಂದರೇನು

ತಂತಿಯ ತುದಿಗೆ ಹಾಕುವ ಲೋಹದ ತುಂಡಿಗೆ ಪೇಟೆಯಲ್ಲಿ ಲಗ್ಗು ಇಲ್ಲವೆ ಟರ್ಮಿನಲ್ ಎಂದು ಹೆಸರು. ಅದರ ಕೊಳವೆಯೊಳಗೆ ತಾಮ್ರದ ಎಳೆಗಳನ್ನು ಸೇರಿಸಿ ಬಲವಾಗಿ ಒತ್ತುವ ಕ್ರಿಯೆಗೆ ಕ್ರಿಂಪಿಂಗ್ ಎನ್ನುವರು. ಬೆಸುಗೆಯ ಹಂಗಿಲ್ಲದೆ ಒತ್ತಿ ಕೂಡಿಸುವ ಈ ಲಗ್ಗುಗಳು ಹೆಚ್ಚಾಗಿ ಬಳಕೆಗೆ ಬಂದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿಮಾನ ಮತ್ತು ಹಡಗುಗಳ ತಂತಿಗಳಿಗಾಗಿ. 1941ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಏರ್‌ಕ್ರಾಫ್ಟ್ ಮರೀನ್ ಪ್ರಾಡಕ್ಟ್ಸ್ ಎಂಬ ಕಂಪನಿಯ ಹೆಸರೇ ಆ ಉದ್ದೇಶವನ್ನು ಹೇಳುವುದು. ಸದಾ ಅದುರುವ ಯಂತ್ರಗಳಲ್ಲಿ ಬೆಸುಗೆಗಿಂತ ಒತ್ತಿದ ಕೂಡಿಕೆಯು ಬಾಳಿಕೆ ಬರುವುದೆಂದು ಕಂಡುಬಂದುದರಿಂದ ಮೋಟಾರು ವಾಹನಗಳವರೂ ಅದನ್ನೇ ಸ್ವೀಕರಿಸಿದರು. ಕಲ್ಲುರಸ್ತೆಯ ಮೇಲೆ ನೆಗೆಯುತ್ತ ಹೋಗುವ ಕಬ್ಬಿನ ಟ್ರೇಲರಿನಷ್ಟು ಅದುರುವ ವಾಹನ ಬೇರೆ ಯಾವುದಿದ್ದೀತು?

ಒತ್ತುವುದರ ಮರ್ಮವು ನಮ್ಮ ಕಂಬಾರರಿಗೆ ತಿಳಿಯದ್ದಲ್ಲ. ಬಂಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಸಿ ಏರಿಸುವಾಗ ಅಳತೆಯು ಸಡಿಲವಾದರೆ ಹಳಿ ದಾರಿಯಲ್ಲಿ ಕಳಚಿ ಬೀಳುವುದು. ಬಿಗಿ ಹೆಚ್ಚಾದರೆ ಗಾಲಿಯ ಮರವೇ ಮುರಿಯುವುದು. ಲಗ್ಗಿನ ನಡೆಯೂ ಹಾಗೆಯೇ. ಒತ್ತಡ ಕಡಿಮೆಯಾದರೆ ಎಳೆಗಳ ನಡುವೆ ಸಂದು ಉಳಿದು, ಅದರೊಳಗೆ ಗಾಳಿಯೂ ತೇವವೂ ಹೊಕ್ಕು, ತಾಮ್ರವು ಕಿಲುಬು ಹಿಡಿಯುವುದು. ಒತ್ತಡ ಹೆಚ್ಚಾದರೆ ಎಳೆಗಳು ತೆಳುವಾಗಿ ಒಂದೊಂದಾಗಿ ಹರಿಯುವುವು. ಎರಡರ ನಡುವಿನ ಸರಿಯಾದ ಒತ್ತಡದಲ್ಲಿ ಎಳೆಗಳೂ ಕೊಳವೆಯೂ ಒಂದರೊಳಗೊಂದು ಇಳಿದು, ಗಾಳಿಯೂ ನುಸುಳದಂಥ ಒಂದೇ ಗಟ್ಟಿಯಾಗುವುವು. ಆ ಸರಿಯಾದ ಒತ್ತಡವನ್ನು ಕೈಯ ಅಂದಾಜಿನಿಂದ ತರಲಾಗದು. ಅದು ಇಕ್ಕಳದ ಅಚ್ಚಿನಲ್ಲಿಯೇ ಅಡಗಿರಬೇಕು. ಸಾಮಾನ್ಯ ಪಕ್ಕಡದಿಂದ ಚಪ್ಪಟೆ ಮಾಡಿದ ಲಗ್ಗು ನೋಡುವುದಕ್ಕೆ ಗಟ್ಟಿಯಾಗಿಯೇ ಕಾಣುವುದು. ಮೋಸವಾಗುವುದು ಅಲ್ಲಿಯೇ, ಒಳಗಿನ ಸಂದು ಹೊರಗಿನ ಕಣ್ಣಿಗೆ ಕಾಣದು.

ಮೂರು ಬಗೆಯ ಲಗ್ಗು, ಮೂರು ಬಗೆಯ ಅಚ್ಚು

ಇಕ್ಕಳವನ್ನು ಅದರ ಬೆಲೆಯಿಂದಾಗಲಿ ಅಂಗಡಿಯವನ ಮಾತಿನಿಂದಾಗಲಿ ಆರಿಸತಕ್ಕದ್ದಲ್ಲ. ಯಾವ ಲಗ್ಗನ್ನು ಒತ್ತಬೇಕಾಗಿದೆಯೋ ಅದರಿಂದಲೇ ಆರಿಸತಕ್ಕದ್ದು. ಟ್ರ್ಯಾಕ್ಟರು ಮತ್ತು ಟ್ರೇಲರುಗಳ ಮಟ್ಟಿಗೆ ಮುಖ್ಯವಾಗಿ ಮೂರು ಬಗೆಯ ಲಗ್ಗುಗಳನ್ನು ಗುರುತಿಸಿದರೆ ಸಾಕು.

ಮೊದಲನೆಯದು ಬಣ್ಣದ ಪ್ಲಾಸ್ಟಿಕ್ ಹೊದಿಕೆಯುಳ್ಳ ಲಗ್ಗು. ಇದರಲ್ಲಿ ಬಣ್ಣವೇ ಅಳತೆಯ ಗುರುತು. ಕೆಂಪು ಬಣ್ಣದ್ದು 0.5ರಿಂದ 1.5 ಚದರ ಮಿಲಿಮೀಟರಿನ ತಂತಿಗೆ, ನೀಲಿಯದು 1.5ರಿಂದ 2.5ಕ್ಕೆ, ಹಳದಿಯದು 4ರಿಂದ 6ಕ್ಕೆ ಸಲ್ಲುವುದು. ಇದಕ್ಕೆ ಬೇಕಾದ ಇಕ್ಕಳದ ದವಡೆಯಲ್ಲಿ ಮೊಟ್ಟೆಯಾಕಾರದ ಮೂರು ಗುಳಿಗಳಿದ್ದು, ಪ್ರತಿಯೊಂದರ ಪಕ್ಕದಲ್ಲಿ ಅದೇ ಬಣ್ಣದ ಚುಕ್ಕೆಯಿರುವುದು. ಲಗ್ಗಿನ ಬಣ್ಣವನ್ನು ಚುಕ್ಕೆಯ ಬಣ್ಣಕ್ಕೆ ಕೂಡಿಸಿದರೆ ಅಕ್ಷರ ಬಾರದವನೂ ತಪ್ಪಲಾರನು. ತೆಳ್ಳಗಿನ ತಂತಿಗೆ ಹಳದಿ ಲಗ್ಗು ಹಾಕಿ, ತಂತಿಯನ್ನು ಎರಡು ಮಡಿಕೆ ಮಡಚಿ ತುರುಕುವ ರೂಢಿಯನ್ನು ಬಿಡತಕ್ಕದ್ದು.

ಎರಡನೆಯದು ತೆರೆದ ರೆಕ್ಕೆಗಳುಳ್ಳ ಹಿತ್ತಾಳೆಯ ಲಗ್ಗು. ವಾಹನವನ್ನು ತಯಾರಿಸುವ ಕಾರಖಾನೆಗಳಲ್ಲಿ ಹಾಕುವುದು ಹೆಚ್ಚಾಗಿ ಇದನ್ನೇ. ಹಿಂದೀಪದ ಹೋಲ್ಡರಿನಲ್ಲಿಯೂ ಫ್ಯೂಜಿನ ಪೆಟ್ಟಿಗೆಯಲ್ಲಿಯೂ ಕಾಣುವುದು ಇದೇ. ಇದರಲ್ಲಿ ಎರಡು ಜೋಡಿ ರೆಕ್ಕೆಗಳುಂಟು. ಮುಂದಿನ ಜೋಡಿಯು ತಾಮ್ರದ ಎಳೆಗಳನ್ನು ಹಿಡಿಯುವುದು. ಹಿಂದಿನ ಜೋಡಿಯು ತಂತಿಯ ಸಿಪ್ಪೆಯನ್ನು ಅಪ್ಪಿಕೊಂಡು, ಅದುರಿಕೆಯ ಜಗ್ಗಾಟವು ಎಳೆಗಳಿಗೆ ತಗಲದಂತೆ ಕಾಯುವುದು. ಇದಕ್ಕೆ ಬೇಕಾದ ದವಡೆಯ ಒಂದು ಪಾರ್ಶ್ವದಲ್ಲಿ ಜೋಡಿ ಕಮಾನಿನ ಆಕಾರವಿರುವುದು. ಒತ್ತಿದಾಗ ಎರಡೂ ರೆಕ್ಕೆಗಳು ಆ ಕಮಾನುಗಳಲ್ಲಿ ಸುರುಳಿಗೊಂಡು ನಡುವಿನಲ್ಲಿ ಎಳೆಗಳೊಳಗೆ ಇಳಿಯುವುವು. ಅಡ್ಡಲಾಗಿ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಬಿ ಅಕ್ಷರವನ್ನು ಮಲಗಿಸಿದಂತೆ ಕಾಣುವುದು. ಬಣ್ಣದ ಲಗ್ಗಿನ ಇಕ್ಕಳದಿಂದ ಇದನ್ನು ಒತ್ತಿದರೆ ರೆಕ್ಕೆಗಳು ಅಂಕುಡೊಂಕಾಗಿ ಮಡಚಿಕೊಳ್ಳುವುವೇ ಹೊರತು ಎಳೆಗಳನ್ನು ಹಿಡಿಯವು. ಅದಕ್ಕೆ ವಿರುದ್ಧವಾಗಿ, ಈ ಇಕ್ಕಳದಿಂದ ಬಣ್ಣದ ಲಗ್ಗನ್ನು ಒತ್ತಿದರೆ ಪ್ಲಾಸ್ಟಿಕ್ ಹೊದಿಕೆಯು ಸೀಳುವುದು. ಒಂದೇ ಇಕ್ಕಳವು ಎಲ್ಲಕ್ಕೂ ಸಾಕೆಂದು ಹೇಳುವ ಮಾರಾಟಗಾರನ ಮಾತನ್ನು ನಂಬಬಾರದೆಂಬುದು ಇದರಿಂದಲೇ ಗೊತ್ತಾಗುವುದು. ಅಚ್ಚುಗಳನ್ನು ಬದಲಿಸಲು ಬರುವ ಇಕ್ಕಳಗಳು ದೊರೆಯುವುವು. ಅಂಥದೊಂದನ್ನು ಎರಡೂ ಅಚ್ಚುಗಳೊಡನೆ ಕೊಂಡರೆ ಒಂದೇ ಹಿಡಿಕೆಯಲ್ಲಿ ಎರಡು ಕೆಲಸಗಳಾದಾವು.

ಮೂರನೆಯದು ಬ್ಯಾಟರಿ ಮತ್ತು ಸ್ಟಾರ್ಟರುಗಳ ದಪ್ಪ ಕೇಬಲಿಗೆ ಹಾಕುವ ತಾಮ್ರದ ಕೊಳವೆ ಲಗ್ಗು. 25ರಿಂದ 70 ಚದರ ಮಿಲಿಮೀಟರಿನ ಈ ಕೇಬಲುಗಳನ್ನು ಕೈಯ ಸಣ್ಣ ಇಕ್ಕಳದಿಂದ ಒತ್ತುವುದು ಆಗದ ಮಾತು. ಇವುಗಳಿಗೆ ಆರು ಮೂಲೆಯ ಅಚ್ಚುಗಳುಳ್ಳ, ಎಣ್ಣೆಯ ಒತ್ತಡದಿಂದ ಇಲ್ಲವೆ ಉದ್ದನೆಯ ಹಿಡಿಕೆಗಳಿಂದ ನಡೆಯುವ ದೊಡ್ಡ ಹತಾರವು ಬೇಕು. ಅಚ್ಚಿನ ಮೇಲೆ ಕೊರೆದ ಅಂಕೆಯೂ ಲಗ್ಗಿನ ಮೇಲಿನ ಅಂಕೆಯೂ ಕೇಬಲಿನ ಅಳತೆಯೂ ಮೂರೂ ಒಂದೇ ಆಗಿರತಕ್ಕದ್ದು. ಸುತ್ತಿಗೆಯಿಂದ ಹೊಡೆದು ಚಪ್ಪಟೆ ಮಾಡಿದ ಬ್ಯಾಟರಿ ಲಗ್ಗುಗಳು ನಮ್ಮ ಕಡೆಯಲ್ಲಿ ಅಪರೂಪವಲ್ಲ. ಅವುಗಳಿಂದಾಗುವ ನಷ್ಟವನ್ನು ಮೇಲೆಯೇ ಹೇಳಲಾಗಿದೆ. ಮಳೆಗಾಲದಲ್ಲಿ ಹೊಳೆಯ ದಂಡೆಯಿಂದ ಮೇಲೆತ್ತಿದ ನೀರೆತ್ತುವ ಪಂಪುಗಳನ್ನು ಪುನಃ ಜೋಡಿಸುವಾಗಲೂ ಇದೇ ಹತಾರವು ಉಪಯೋಗಕ್ಕೆ ಬರುವುದು. ಆದರೆ ಅಲ್ಯುಮಿನಿಯಂ ಕೇಬಲಿಗೆ ಬರಿಯ ತಾಮ್ರದ ಲಗ್ಗನ್ನು ಎಂದಿಗೂ ಒತ್ತಬಾರದು. ತೇವ ತಗಲಿದೊಡನೆ ಎರಡು ಲೋಹಗಳ ನಡುವೆ ಕೊರೆತವು ಆರಂಭವಾಗುವುದು.

ಇಷ್ಟಲ್ಲದೆ, ಹೊಸ ಟ್ರ್ಯಾಕ್ಟರುಗಳಲ್ಲಿ ರಬ್ಬರಿನ ಮುದ್ರೆಯುಳ್ಳ ಸೂಕ್ಷ್ಮವಾದ ಕೂಡಿಕೆಗಳೂ ಇರುವುವು. 50 ಅಶ್ವಶಕ್ತಿಗೆ ಮೀರಿದ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ಕಟ್ಟಳೆಯು 2023ರ ಜನವರಿಯಿಂದ ಜಾರಿಗೆ ಬಂದ ಮೇಲೆ, ಇಂಜಿನಿನ ಇಂಧನವನ್ನು ನಡೆಸುವುದಕ್ಕೆ ವಿದ್ಯುತ್ ಉಪಕರಣಗಳು ಬಂದಿರುವುವು. ಆ ತಂತಿಗಳಲ್ಲಿ ಹರಿಯುವುದು ಅತ್ಯಲ್ಪ ಪ್ರವಾಹ. ಅಲ್ಲಿಯ ಕೂಡಿಕೆಯಲ್ಲಿ ಸ್ವಲ್ಪ ದೋಷವಾದರೂ ಇಂಜಿನು ತಪ್ಪು ನಡೆಯುವುದು. ಅವುಗಳಿಗೆ ಅವುಗಳದೇ ಅಚ್ಚುಗಳು ಬೇಕು. ಗ್ರಾಮದ ಹತಾರದಿಂದ ಅವುಗಳನ್ನು ಮುಟ್ಟದೆ, ಕಂಪನಿಯ ಕಾರ್ಯಾಗಾರಕ್ಕೆ ಒಯ್ಯುವುದೇ ಲೇಸು.

ಇಕ್ಕಳವನ್ನು ಪರೀಕ್ಷಿಸುವ ಬಗೆ

ಕೊಳ್ಳುವಾಗ ಮೊದಲು ನೋಡತಕ್ಕದ್ದು ಹಲ್ಲುಗಳ ತಡೆ, ಎಂದರೆ ರ‍್ಯಾಚೆಟ್. ಈ ತಡೆಯುಳ್ಳ ಇಕ್ಕಳವನ್ನು ಒಮ್ಮೆ ಒತ್ತಲು ತೊಡಗಿದರೆ, ಪೂರ್ಣ ಒತ್ತಡವಾಗುವವರೆಗೆ ಅದು ಬಾಯಿ ಬಿಡುವುದಿಲ್ಲ. ಬಲಶಾಲಿಯಾದ ಆಳು ಒತ್ತಿದರೂ, ದಣಿದ ಮುದುಕನು ಒತ್ತಿದರೂ, ಕೂಡಿಕೆಯು ಒಂದೇ ತೆರನಾಗಿರುವುದು. ತಡೆಯಿಲ್ಲದ ಇಕ್ಕಳದಲ್ಲಿ ಬೆಳಗಿನ ಲಗ್ಗು ಒಂದು ತರಹ, ಸಂಜೆಯ ಲಗ್ಗು ಇನ್ನೊಂದು ತರಹ. ಎರಡನೆಯದಾಗಿ, ದವಡೆಗಳನ್ನು ಪೂರ್ಣ ಮುಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ಅವು ಓರೆಯಾಗದೆ ಎದುರುಬದುರಾಗಿ ಕೂಡಿರಬೇಕು. ಹಿಡಿಕೆಯ ಮೊಳೆಯಲ್ಲಿ ಅಲುಗಾಟವಿರಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಅಂಗಡಿಯಲ್ಲಿಯೇ ಒಂದು ಮಾದರಿ ಲಗ್ಗನ್ನು ಒತ್ತಿಸಿ, ತೂಕ ಕಟ್ಟಿ ಎತ್ತಿ ನೋಡತಕ್ಕದ್ದು. 1.5 ಚದರ ಮಿಲಿಮೀಟರಿನ ತಂತಿಯ ಕೂಡಿಕೆಯು ಸುಮಾರು 15 ಕಿಲೋ ಭಾರವನ್ನೂ, 2.5ರದು ಸುಮಾರು 23 ಕಿಲೋ ಭಾರವನ್ನೂ ತಡೆಯಬೇಕೆಂಬುದು ಸಾಮಾನ್ಯವಾದ ಅಳತೆ. ಇದಕ್ಕೆ ಯಂತ್ರವೇನೂ ಬೇಕಾಗಿಲ್ಲ. 15 ಲೀಟರು ನೀರು ತುಂಬಿದ ಡಬ್ಬಿಯ ತೂಕವು ಸುಮಾರು 15 ಕಿಲೋ. ಲಗ್ಗನ್ನು ಒಂದು ಮೊಳೆಗೆ ಸಿಕ್ಕಿಸಿ, ತಂತಿಗೆ ಡಬ್ಬಿಯನ್ನು ನಿಧಾನವಾಗಿ ತೂಗುಬಿಟ್ಟಾಗ, ಲಗ್ಗಿನಿಂದ ತಂತಿ ಜಾರಿ ಬಂದರೆ ಆ ಇಕ್ಕಳವು ಆ ಲಗ್ಗಿಗೆ ತಕ್ಕುದಲ್ಲ. ಹೀಗೆ ಜಗ್ಗಿದ ಮಾದರಿಯನ್ನು ಮಾತ್ರ ವಾಹನಕ್ಕೆ ಹಾಕದೆ ಎಸೆದುಬಿಡಬೇಕು.

ಒತ್ತಿದ ಲಗ್ಗನ್ನು ಕಣ್ಣಿನಿಂದಲೂ ಪರೀಕ್ಷಿಸಲು ಬರುವುದು. ಕೊಳವೆಯ ಮುಂದಿನ ಬಾಯಿಯಲ್ಲಿ ಎಳೆಗಳ ತುದಿ ಸ್ವಲ್ಪ ಕಾಣಬೇಕು. ಸಿಪ್ಪೆಯು ತಾಮ್ರವನ್ನು ಹಿಡಿಯುವ ಭಾಗದೊಳಗೆ ಹೊಕ್ಕಿರಬಾರದು. ಒಂದಾದರೂ ಎಳೆ ಹೊರಗೆ ಉಳಿದಿರಬಾರದು. ಹೊರಗುಳಿದ ಎಳೆಯು ಪಕ್ಕದ ಲೋಹಕ್ಕೆ ತಗಲಿದರೆ ಫ್ಯೂಜು ಹಾರುವುದು, ಹಾರಿದ ಫ್ಯೂಜಿಗೆ ಬದಲಾಗಿ ಯಾರೋ ದಪ್ಪ ತಂತಿಯನ್ನು ಸುತ್ತುವರು, ಮುಂದಿನ ಅನರ್ಥಕ್ಕೆ ಅಲ್ಲಿಂದಲೇ ಬಾಗಿಲು ತೆರೆಯುವುದು.

ತಪ್ಪಿಸಬೇಕಾದ ರೂಢಿಗಳು

ಲಗ್ಗು ಗಟ್ಟಿಯಾಗಲೆಂದು ಎಳೆಗಳಿಗೆ ಮೊದಲೇ ಬೆಸುಗೆಯ ಸೀಸವನ್ನು ಹಚ್ಚಿ ನಂತರ ಒತ್ತುವ ಪದ್ಧತಿಯುಂಟು. ಇದು ಜಾಣತನವೆಂದು ತೋರಿದರೂ ಹಾನಿಕರವಾದುದು. ಬೆಸುಗೆಯ ಲೋಹವು ಮೆತ್ತನೆಯದಾದುದರಿಂದ ಒತ್ತಡದ ಕೆಳಗೆ ದಿನಕಳೆದಂತೆ ಸರಿದು, ಕೂಡಿಕೆಯು ತಾನಾಗಿ ಸಡಿಲವಾಗುವುದು. ಅಲ್ಲದೆ ಬೆಸುಗೆಯು ಮುಗಿಯುವ ಜಾಗದಲ್ಲಿ ತಂತಿಯು ಕಡ್ಡಿಯಂತಾಗಿ, ಅದುರಿಕೆಯಿಂದ ಅಲ್ಲಿಯೇ ಮುರಿಯುವುದು.

ಮನೆಗೆ ಹಾಕುವ ಒಂಟಿ ಎಳೆಯ ತಂತಿಯನ್ನು ಟ್ರೇಲರಿಗೆ ಹಾಕಬಾರದು. ಅನೇಕ ಸಣ್ಣ ಎಳೆಗಳುಳ್ಳ ವಾಹನದ ತಂತಿಯೇ ಬೇಕು. ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ ಕೆಲವು ತಂತಿಗಳಲ್ಲಿ ತಾಮ್ರವು ಮೇಲಿನ ಲೇಪ ಮಾತ್ರವಾಗಿ ಒಳಗೆ ಅಲ್ಯುಮಿನಿಯಂ ಇರುವುದು. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿದರೆ, ಒಳಗೆ ಬೆಳ್ಳಗೆ ಕಂಡಲ್ಲಿ ಅದನ್ನು ಬಿಡತಕ್ಕದ್ದು. ಎಂಥ ಒಳ್ಳೆಯ ಇಕ್ಕಳವೂ ಕೆಟ್ಟ ತಂತಿಯನ್ನು ಸುಧಾರಿಸಲಾರದು.

2019 ಮತ್ತು 2021ರ ಮಹಾಪೂರಗಳಲ್ಲಿ ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳ ತೀರದ ಊರುಗಳು ನೀರಿನಲ್ಲಿ ನಿಂತುದನ್ನು ಯಾರೂ ಮರೆತಿಲ್ಲ. ಹಾಗೆ ನೀರಿನಲ್ಲಿ ನಿಂತ ವಾಹನದ ತಂತಿಗಳಲ್ಲಿ ಕಿಲುಬು ತುದಿಯಲ್ಲಿಯೇ ನಿಲ್ಲದೆ ಸಿಪ್ಪೆಯೊಳಗೆ ಏರಿರುವುದು. ಅಂಥ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿಯೇ ಹೊಸ ಲಗ್ಗನ್ನು ಒತ್ತಬೇಕು. ಕಪ್ಪಾದ ಎಳೆಗಳ ಮೇಲೆ ಒತ್ತಿದ ಲಗ್ಗು ವ್ಯರ್ಥ. ಒತ್ತಿದ ಮೇಲೆ, ಕಾಸಿದರೆ ಕುಗ್ಗಿ ಬಿಗಿಯುವ ಅಂಟುಕೊಳವೆಯನ್ನು ಅದರ ಮೇಲೆ ಏರಿಸಿದರೆ ನೀರಿನ ಭಯವು ಬಹಳಮಟ್ಟಿಗೆ ತಪ್ಪುವುದು.

ಇನ್ನೊಂದು ದೊಡ್ಡ ದೋಷವು ಅರ್ತಿನ ತಂತಿಯದು. ಎಷ್ಟೋ ಟ್ರೇಲರುಗಳಲ್ಲಿ ಅರ್ತಿಗೆ ಬೇರೆ ತಂತಿಯನ್ನೇ ಎಳೆದಿರುವುದಿಲ್ಲ. ಟ್ರ್ಯಾಕ್ಟರಿಗೆ ಟ್ರೇಲರನ್ನು ಕೂಡಿಸುವ ಕಬ್ಬಿಣದ ಗೂಟವನ್ನೇ ನಂಬಿರುವರು. ಜಂಗು ಮತ್ತು ಗ್ರೀಸು ಮೆತ್ತಿದ ಆ ಗೂಟದ ಮೂಲಕ ಪ್ರವಾಹವು ಒಮ್ಮೆ ಹರಿಯುವುದು, ಒಮ್ಮೆ ನಿಲ್ಲುವುದು. ಬ್ರೇಕು ಒತ್ತಿದಾಗ ತಿರುವಿನ ದೀಪವೂ ಮಸುಕಾಗಿ ಮಿನುಗಿದರೆ ಅರ್ತಿನ ಕೂಡಿಕೆಯು ಕೆಟ್ಟಿರುವುದೆಂದು ತಿಳಿಯತಕ್ಕದ್ದು. ಏಳು ಮುಳ್ಳಿನ ಪ್ಲಗ್ಗಿನಲ್ಲಿ ಒಂದು ಮುಳ್ಳು ಅರ್ತಿಗಾಗಿಯೇ ಮೀಸಲಾಗಿರುವುದು. ಎಲ್ಲ ದೀಪಗಳ ಪ್ರವಾಹವೂ ಆ ಒಂದರ ಮೂಲಕವೇ ಮರಳುವುದರಿಂದ, ಎಲ್ಲಕ್ಕಿಂತ ದಪ್ಪನೆಯ ತಂತಿಯೂ ಎಲ್ಲಕ್ಕಿಂತ ಒಳ್ಳೆಯ ಕೂಡಿಕೆಯೂ ಅದಕ್ಕೆ ಸಲ್ಲಬೇಕು.

ಕೆಲವು ಆಕ್ಷೇಪಗಳು

ಹಿಂಬದಿಗೆ ಹೊಳೆಯುವ ಪಟ್ಟಿಯನ್ನು ಅಂಟಿಸಿದರೆ ಸಾಲದೇ ಎಂದು ಕೆಲವರು ಕೇಳುವರು. ಪಟ್ಟಿಯು ಅವಶ್ಯವಾಗಿ ಬೇಕು. ತಂತಿ ಕೈಕೊಟ್ಟ ದಿನ ಅದೇ ಆಧಾರ. ಆದರೆ ಅದು ಹೊಳೆಯುವುದು ಹಿಂದಿನ ವಾಹನದ ಬೆಳಕು ಅದರ ಮೇಲೆ ಬಿದ್ದಾಗ ಮಾತ್ರ. ಧೂಳು, ಕೆಸರು, ಜೋಲುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚುವುವು. ಟ್ರ್ಯಾಕ್ಟರು ನಿಲ್ಲುತ್ತಿದೆ ಅಥವಾ ಬಲಕ್ಕೆ ತಿರುಗುತ್ತಿದೆ ಎಂಬುದನ್ನು ಪಟ್ಟಿಯು ಹೇಳಲಾರದು. ಎಲ್.ಇ.ಡಿ. ದೀಪಗಳನ್ನು ಹಾಕಿದರೆ ಈ ತಾಪತ್ರಯವಿಲ್ಲವೆಂದು ಇನ್ನು ಕೆಲವರು ಹೇಳುವರು. ಅವುಗಳಿಗೆ ಪ್ರವಾಹ ಕಡಿಮೆ ಸಾಕಾದುದರಿಂದ ವೋಲ್ಟಿನ ನಷ್ಟವು ಕಡಿಮೆಯಾಗುವುದು ನಿಜ. ಆದರೆ ಕಳಚಿಬಿದ್ದ ಕೂಡಿಕೆಯಲ್ಲಿ ಎಲ್.ಇ.ಡಿ. ದೀಪವೂ ಆರುವುದೇ.

ಮೂರನೆಯ ಆಕ್ಷೇಪವು ಖರ್ಚಿನದು. ಮೇಲೆ ಹೇಳಿದ ಇಕ್ಕಳ, ಅದರ ಎರಡು ಅಚ್ಚುಗಳು, ದಪ್ಪ ಕೇಬಲಿನ ಹತಾರ, ಸಿಪ್ಪೆ ಸುಲಿಯುವ ಉಪಕರಣ ಇವೆಲ್ಲವನ್ನೂ ಒಬ್ಬ ರೈತನು ಕೊಂಡರೆ, ವರ್ಷದಲ್ಲಿ ನಾಲ್ಕು ದಿನವೂ ಅವು ಅವನಿಗೆ ಬೇಕಾಗಲಾರವು. ಆದುದರಿಂದಲೇ ಅವನು ಅಗ್ಗದ ಇಕ್ಕಳವನ್ನು ಕೊಳ್ಳುವನು, ಇಲ್ಲವೆ ಯಾವುದನ್ನೂ ಕೊಳ್ಳುವುದಿಲ್ಲ. ಈ ಆಕ್ಷೇಪವು ಒಬ್ಬನ ಮಟ್ಟಿಗೆ ಸರಿಯಾದುದೇ. ಊರಿನ ಮಟ್ಟಿಗೆ ನಿಲ್ಲತಕ್ಕದ್ದಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರಕಾರವು ಶೇಕಡಾ 10.25ರ ಇಳುವರಿಗೆ ಗೊತ್ತುಪಡಿಸಿದ ಕಬ್ಬಿನ ಬೆಲೆ ಕ್ವಿಂಟಲಿಗೆ 355 ರೂಪಾಯಿ. ಆ ಲೆಕ್ಕದಿಂದ ಎಂಟು ಟನ್ನಿನ ಒಂದೇ ಒಂದು ಟ್ರೇಲರು ಕಬ್ಬಿನ ಬೆಲೆ 28,400 ರೂಪಾಯಿಗಳಾಗುವುದು. ಇಡೀ ಊರಿಗೆ ಸಾಕಾಗುವ ಹತಾರಗಳಿಗೆ ಅಷ್ಟೂ ತಗಲುವುದಿಲ್ಲ.

ಊರಿಗೊಂದು ಜೊತೆ

ಆದಕಾರಣ ಸೂಚಿಸತಕ್ಕದ್ದೇನೆಂದರೆ, ಈ ಹತಾರಗಳನ್ನು ಊರಿಗೊಂದು ಜೊತೆಯಂತೆ ಕೂಡಿ ಕೊಳ್ಳಬೇಕು. ಕೂಡಿ ಮಾಡುವ ಕೆಲಸವು ಈ ನಾಡಿನ ಗೌಡ-ಪಾಟೀಲರಿಗೆ ಹೊಸದಲ್ಲ. 1904ರ ಸಹಕಾರಿ ಕಾಯದೆಯು ಬಂದ ಮರುವರ್ಷವೇ, ಎಂದರೆ 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿ ದೇಶಕ್ಕೆ ಮಾದರಿಯಾದರು. ಒಬ್ಬನಿಂದಾಗದ ಸಾಲವು ಹತ್ತು ಜನರಿಂದಾದಂತೆ, ಒಬ್ಬನಿಗೆ ಹೊರೆಯಾದ ಹತಾರವು ಊರಿಗೆ ಹಗುರಾಗುವುದು. ಗ್ರಾಮದ ಕೃಷಿ ಪತ್ತಿನ ಸಹಕಾರಿ ಸಂಘವು ಇದಕ್ಕೆ ತಕ್ಕ ಸ್ಥಳ. 2014ರಿಂದೀಚೆಗೆ ರಾಜ್ಯದಲ್ಲಿ ಬಂದಿರುವ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲಿ ನೇಗಿಲು, ರೋಟಾವೇಟರುಗಳ ಜೊತೆಗೆ ಇವನ್ನೂ ಇಡುವುದು ಅಸಾಧ್ಯವೇನಲ್ಲ.

ಹತಾರವು ಕಪಾಟಿನಲ್ಲಿದ್ದ ಮಾತ್ರಕ್ಕೆ ಪ್ರಯೋಜನವಿಲ್ಲ. ಊರಿನಲ್ಲಿ ವಿದ್ಯುತ್ ಕೆಲಸವನ್ನು ಬಲ್ಲ ತರುಣನೊಬ್ಬನನ್ನು ಅದಕ್ಕೆ ಗೊತ್ತುಮಾಡಿ, ಲಗ್ಗಿಗಿಷ್ಟೆಂದು ಕೂಲಿಯನ್ನು ನಿಶ್ಚಯಿಸಬೇಕು. ಯಾರ ಟ್ರೇಲರಿಗೆ ಎಂದು ಕೆಲಸವಾಯಿತೆಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಹಂಗಾಮಕ್ಕೊಮ್ಮೆ ನೀರಿನ ಡಬ್ಬಿಯ ಪರೀಕ್ಷೆಯಿಂದ ಇಕ್ಕಳದ ಅಚ್ಚು ಸವೆದಿಲ್ಲವೆಂದು ನೋಡಿಕೊಳ್ಳಬೇಕು. ಇಕ್ಕಳವನ್ನು ಮೊಳೆ ಕೀಳುವುದಕ್ಕೂ ನಟ್ಟು ತಿರುವುವುದಕ್ಕೂ ಕೊಡಬಾರದು. ಒಮ್ಮೆ ದವಡೆಯು ಓರೆಯಾದರೆ ಅದು ಮತ್ತೆ ಸಾಮಾನ್ಯ ಪಕ್ಕಡವೇ.

ಕಾಲವನ್ನು ಕೂಡ ಹುಡುಕಬೇಕಾದುದಿಲ್ಲ. ಮಹಾನವಮಿಯ ಖಂಡೆಪೂಜೆಯ ದಿನ ನಮ್ಮ ಒಕ್ಕಲುತನದ ಮನೆಗಳಲ್ಲಿ ಟ್ರ್ಯಾಕ್ಟರನ್ನು ತೊಳೆದು, ಹೂಮಾಲೆ ಹಾಕಿ ಪೂಜಿಸುವರು. ಕಬ್ಬಿನ ಹಂಗಾಮಕ್ಕೆ ಆಗ ಕೆಲವೇ ವಾರಗಳು ಉಳಿದಿರುವುವು. ಆ ವಾರದೊಳಗೆ ಒಂದು ಸಂಜೆ ಊರಿನ ಎಲ್ಲ ಟ್ರೇಲರುಗಳನ್ನು ಒಂದೆಡೆಗೆ ತರಿಸಿ, ಕತ್ತಲಾದ ಮೇಲೆ ಒಂದೊಂದರ ದೀಪವನ್ನೂ ಹಚ್ಚಿಸಿ, ನೂರು ಹೆಜ್ಜೆ ಹಿಂದೆ ನಿಂತು ನೋಡುವ ಪದ್ಧತಿಯನ್ನು ಗ್ರಾಮದ ಹಿರಿಯರು ನಡೆಸಬಹುದು. ಹೇರಿದ ಕಬ್ಬಿನ ಹಿಂದೆ ಮರೆಯಾಗುವ ದೀಪಗಳನ್ನು ಕೆಳಕ್ಕೆ ಸರಿಸಲು ಹೇಳಬೇಕಾದುದೂ ಅಂದೇ.

ಭೂಮಾಲಿಕರಿಗೆ ಒಂದು ಮಾತು ವಿಶೇಷವಾಗಿ ಸಲ್ಲುವುದು. ಇರುಳಿನಲ್ಲಿ ಟ್ರ್ಯಾಕ್ಟರನ್ನು ನಡೆಸುವವನು ಅನೇಕ ವೇಳೆ ಅದರ ಒಡೆಯನಲ್ಲ, ದಿನಗೂಲಿಯ ಚಾಲಕನು. ಖೇಪಿನ ಲೆಕ್ಕದಲ್ಲಿ ಅವಸರಪಡುವ ಅವನಿಂದ ಲಗ್ಗು ಬದಲಿಸುವ ಖರ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅವನು ಹೊಲದಲ್ಲಿ ಕಬ್ಬು ಹೇರಿಸಿಕೊಳ್ಳುವ ಮೊದಲು ‘ದೀಪ ಹತ್ತುವುದೇನಪ್ಪಾ?’ ಎಂದು ಕೇಳುವುದು ಕಬ್ಬಿನ ಒಡೆಯನಿಗೂ ಟ್ರ್ಯಾಕ್ಟರಿನ ಒಡೆಯನಿಗೂ ಸೇರಿದ ಹೊಣೆ. ಹತ್ತುವುದಿಲ್ಲವೆಂದು ಉತ್ತರ ಬಂದರೆ, ಸಂಘದಿಂದ ಇಕ್ಕಳ ತರಿಸಿ ಲಗ್ಗು ಒತ್ತಿಸುವುದಕ್ಕೆ ಅರ್ಧ ತಾಸು ಸಾಕು. ಕಾರಖಾನೆಯ ಪಾಳಿಯಲ್ಲಿ ಟ್ರ್ಯಾಕ್ಟರುಗಳು ಎಷ್ಟೋ ತಾಸು ಕಾದು ನಿಲ್ಲುವಾಗ ಈ ಅರ್ಧ ತಾಸು ಯಾರಿಗೂ ಭಾರವಾಗಲಾರದು. ಬರುವ ಹಂಗಾಮಕ್ಕೆ ಮೊದಲು ಪ್ರತಿಯೊಂದು ಊರಿನ ಹಿರಿಯರೂ ಸಂಘದ ಸಭೆಯಲ್ಲಿ ಈ ವಿಷಯವನ್ನು ತೆಗೆದು, ಒಂದು ಜೊತೆ ಹತಾರಗಳನ್ನು ತರಿಸಿಕೊಳ್ಳುವರೆಂದು ಆಶಿಸಲಾಗಿದೆ.